ಹಂಪನಕಟ್ಟೆಯ ದುಡ್ಡು, ದುಬೈಯ ಫ್ಲಾಟು!

ಒಂದು ಕಾಲವಿತ್ತು. ಗಲ್ಫಿನಿಂದ ಮಗ ಕಳಿಸಿದ ಡ್ರಾಫ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಬಂತೆಂದರೆ ಕೇರಿಗೆಲ್ಲ ಸುದ್ದಿ. ಪೋಸ್ಟ್‌ಮ್ಯಾನಿಗೆ ಚಹಾ, ಆಮೇಲೆ ಬ್ಯಾಂಕಿಗೆ ದೌಡು. ಆ ದುಡ್ಡಿನಲ್ಲಿ ಹಂಚಿನ ಮನೆಗೆ ತಾರಸಿ ಬಂತು, ತಂಗಿಯ ಮದುವೆಯಾಯಿತು, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯೂ ಆಯಿತು. ಭಟ್ಕಳದಿಂದ ಉಳ್ಳಾಲದ ತನಕ ಹೀಗೆ ಎದ್ದ ಗೋಡೆಗಳಿಗೆ ಲೆಕ್ಕವಿಲ್ಲ.

ಈಗ ಗಾಳಿ ಸ್ವಲ್ಪ ತಿರುಗಿದೆ. ಅಂದು ಬಂದ ದಾರಿಯಲ್ಲೇ ದುಡ್ಡು ವಾಪಸು ಹೊರಡುತ್ತಿದೆ. ಹಂಪನಕಟ್ಟೆಯ ಗಲ್ಲಾಪೆಟ್ಟಿಗೆಯ ದುಡ್ಡು, ಊರಲ್ಲಿ ಹತ್ತು ಸೆಂಟ್ಸು ಜಾಗ ಮಾರಿದ ದುಡ್ಡು, ನಿವೃತ್ತ ಮೇಷ್ಟ್ರ ಗ್ರಾಚ್ಯುಟಿ ದುಡ್ಡು ದುಬೈಯ ಫ್ಲಾಟಿನ ಕಡೆ ಮುಖ ಮಾಡಿದೆ. ಮೊಬೈಲು ತೆರೆದರೆ ಸಾಕು, ನೀಲಿ ಈಜುಕೊಳದ ಚಿತ್ರ. ಬೆನ್ನಿಗೆ ದಲ್ಲಾಳಿಯ ಫೋನು.

"ದಣಿಗಳೇ, ನೂರಕ್ಕೆ ಹತ್ತು ಕೊಟ್ಟು ಬುಕ್ ಮಾಡಿ, ಸಾಕು. ಬಾಕಿ ಕಂತಿನಲ್ಲಿ. ಬಾಡಿಗೆಯೇ ಕಂತು ಕಟ್ತದೆ. ಅಲ್ಲಿ ಇನ್‌ಕಮ್ ಟ್ಯಾಕ್ಸೇ ಇಲ್ಲ ಮಾರಾಯ್ರೇ! ದುಡ್ಡು ಕಳಿಸ್ಲಿಕ್ಕೆ ಎಂತ ತೊಂದರೆಯೂ ಇಲ್ಲ, ಅದಕ್ಕೆ ನಮ್ಮ ಜನ ಉಂಟು."

ಈ ಮಾತಿನಲ್ಲಿ ಪೂರಾ ಸುಳ್ಳು ಎನ್ನುವಂಥದು ಕಡಿಮೆ. ತಾಪತ್ರಯವೇ ಅದು. ಪೂರಾ ಸುಳ್ಳಾಗಿದ್ದರೆ ಅಂಗಡಿ ಇಟ್ಟು ಬದುಕಿದವನು ಮೂಸಿ ನೋಡಿಯೇ ಕಂಡುಹಿಡಿಯುತ್ತಿದ್ದ. ಅರ್ಧ ಸತ್ಯಕ್ಕೆ ವಾಸನೆ ಇರುವುದಿಲ್ಲ.

ಎಲ್ಲಿ ವಾಸ ಸ್ವಾಮಿ?

ಹೊರದೇಶದಲ್ಲಿ ಮನೆ ಕೊಳ್ಳುವವನಿಗೆ ನಮ್ಮ ಕಾನೂನು ಕೇಳುವ ಮೊದಲ ಪ್ರಶ್ನೆ "ಎಷ್ಟು ದುಡ್ಡುಂಟು" ಎಂದಲ್ಲ. "ನೀನು ಎಲ್ಲಿ ವಾಸ" ಎಂದು. ದುಬೈಯಲ್ಲೇ ಉದ್ಯೋಗದಲ್ಲಿರುವ ಮಗ ಅಲ್ಲಿನ ಸಂಬಳದಲ್ಲಿ ಒಂದಲ್ಲ ನಾಲ್ಕು ಫ್ಲಾಟು ಕೊಂಡರೂ ನಮ್ಮ ರಿಸರ್ವ್ ಬ್ಯಾಂಕು ಚಕಾರ ಎತ್ತುವುದಿಲ್ಲ. ಊರಿನ ಬ್ಯಾಂಕಿನಲ್ಲಿ ಅವನು ಇಟ್ಟ ಎನ್.ಆರ್.ಇ. ಖಾತೆಯ ಹಣವನ್ನೂ ಧಾರಾಳವಾಗಿ ವಾಪಸು ಒಯ್ಯಬಹುದು. ಬಾಡಿಗೆ, ಜಾಗ ಮಾರಿದ ಹಣ ಮುಂತಾದ ಇಲ್ಲಿನ ಆದಾಯ ಬೀಳುವ ಎನ್.ಆರ್.ಓ. ಖಾತೆಯಿಂದಲೂ, ತೆರಿಗೆ ತೀರಿಸಿದ ಮೇಲೆ, ವರ್ಷಕ್ಕೆ 10 ಲಕ್ಷ ಡಾಲರಿನ ತನಕ ಒಯ್ಯಲು ದಾರಿ ಉಂಟು.

ಇಲ್ಲೇ ಕೂತು ಅಂಗಡಿ ನೋಡುವ ಅಪ್ಪನ ಕತೆ ಬೇರೆ. 1973ರ ಫೆರಾ ಕಾನೂನಿನ ಕಾಲದಲ್ಲಿ ಇಂಥವರು ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಹೊರದೇಶದಲ್ಲಿ ಆಸ್ತಿ ಕೊಳ್ಳುವಂತಿರಲಿಲ್ಲ; ಡಾಲರಿನ ಹೆಸರು ಎತ್ತಿದರೇ ಅಕ್ಕಪಕ್ಕ ನೋಡಬೇಕಾಗಿತ್ತು. 2000ದ ಜೂನ್ 1ರಿಂದ ಫೆರಾ ಹೋಗಿ ಫೆಮಾ ಬಂತು. 2004ರ ಫೆಬ್ರವರಿಯಲ್ಲಿ ಎಲ್.ಆರ್.ಎಸ್. ಎಂಬ ಉದಾರ ರವಾನೆ ಯೋಜನೆ ಶುರುವಾಯಿತು. ಆಗ ಮಿತಿ 25,000 ಡಾಲರ್. ಏರುತ್ತಾ ಇಳಿಯುತ್ತಾ 2015ರಲ್ಲಿ ಅದು ಎರಡೂವರೆ ಲಕ್ಷ ಡಾಲರಿಗೆ ಬಂದು ನಿಂತಿದೆ. ಏಪ್ರಿಲಿನಿಂದ ಮಾರ್ಚ್ ತನಕದ ಒಂದು ಹಣಕಾಸು ವರ್ಷಕ್ಕೆ, ತಲೆಗೆ ಇಷ್ಟು. ಪಾನ್ ಕಾರ್ಡ್ ಬೇಕು, ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು, ಹಣ ಯಾವ ಉದ್ದೇಶಕ್ಕೆ ಎಂದು ಸಹಿ ಹಾಕಿ ಹೇಳಬೇಕು. ಮಗಳ ಓದಿಗೆ ಕಳಿಸಿದ್ದು, ಸಿಂಗಾಪುರ ಪ್ರವಾಸಕ್ಕೆ ಕೊಂಡ ಡಾಲರು, ಎಲ್ಲವೂ ಆ ವರ್ಷದ ಅದೇ ಎರಡೂವರೆ ಲಕ್ಷದಲ್ಲೇ ಮುರಿಯುತ್ತದೆ.

ಎರಡೂವರೆ ಲಕ್ಷ ಡಾಲರ್ ಎಂದರೆ ಕಡಿಮೆಯೇ? ಡಾಲರಿಗೆ 90 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಎರಡೂಕಾಲು ಕೋಟಿ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಇದನ್ನು ಓದುವವರಿಗೆ ನಗು ಬಂದೀತು. ಆದರೆ ಮೂವತ್ತು ವರ್ಷದ ಹಿಂದೆ ಕದ್ರಿಯಲ್ಲೋ ಬೆಂದೂರಿನಲ್ಲೋ ಜಾಗ ತೆಗೆದಿಟ್ಟವರ ಕೈಯಲ್ಲಿ ಈಗ ಅಂಥ ಮೊತ್ತ ಆಡುತ್ತದೆ. ದಲ್ಲಾಳಿಗಳ ಕಣ್ಣು ಇರುವುದೂ ಅಲ್ಲೇ.

ಒಂಬತ್ತು ಲಕ್ಷದ ಗಣಿತ

ಒಬ್ಬ ಬಟ್ಟೆ ವ್ಯಾಪಾರಿ ದುಬೈಯಲ್ಲಿ 9 ಲಕ್ಷ ದಿರ್ಹಮ್ಮಿನ ಫ್ಲಾಟು ಮೆಚ್ಚಿದರು ಎಂದಿಟ್ಟುಕೊಳ್ಳಿ. ದಿರ್ಹಮ್ಮಿನ ಬೆಲೆಯನ್ನು 1997ರಿಂದ ಡಾಲರಿಗೆ ಗಂಟುಹಾಕಿ ಇಟ್ಟಿದ್ದಾರೆ: ಒಂದು ಡಾಲರಿಗೆ 3.6725 ದಿರ್ಹಮ್. ಹಾಗೆ ನೋಡಿದರೆ ಫ್ಲಾಟಿನ ಬೆಲೆ 2,45,000 ಡಾಲರಿನ ಆಸುಪಾಸು. ಮಿತಿಯೊಳಗೇ ಬಂತಲ್ಲ ಎಂದು ವ್ಯಾಪಾರಿ ಖುಷಿಪಡುತ್ತಾರೆ. ಆದರೆ ದುಬೈ ಭೂ ಇಲಾಖೆಗೆ ನೋಂದಣಿ ಶುಲ್ಕ ನೂರಕ್ಕೆ 4. ಅದು 36,000 ದಿರ್ಹಮ್, ಹತ್ತಿರ ಹತ್ತಿರ 9,800 ಡಾಲರ್. ಒಟ್ಟು 2,54,800 ದಾಟಿತು. ಮಿತಿ ಮೀರಿತು! ಕಟ್ಟಿ ಮುಗಿದ ಫ್ಲಾಟನ್ನು ಇನ್ನೊಬ್ಬರಿಂದ ಕೊಳ್ಳುವುದಾದರೆ ದಲ್ಲಾಳಿಯ ನೂರಕ್ಕೆ 2 ಬೇರೆ. ಅಂದರೆ ಒಬ್ಬ ಆಸಾಮಿ ಒಂದೇ ವರ್ಷದಲ್ಲಿ ದುಡ್ಡು ತೀರಿಸಿ ಕೊಳ್ಳಬಹುದಾದ ಫ್ಲಾಟು ಎಂಟೂವರೆ ಲಕ್ಷ ದಿರ್ಹಮ್ಮಿನದು. ಕರಪತ್ರದಲ್ಲಿ ಈ ಗಣಿತ ಯಾರೂ ಅಚ್ಚು ಹಾಕಿಸುವುದಿಲ್ಲ.

ಹೆಂಡತಿಯನ್ನು ಸೇರಿಸಿಕೊಂಡರೆ ಮಿತಿ ಇಮ್ಮಡಿಯಾಗುತ್ತದೆ, ನಿಜ. ಆದರೆ ಫ್ಲಾಟಿನ ಪತ್ರದಲ್ಲಿ ಅವರ ಹೆಸರೂ ಇರಬೇಕು. ದುಡ್ಡು ಹೆಂಡತಿಯ ಲೆಕ್ಕದಲ್ಲಿ, ಆಸ್ತಿ ಗಂಡನ ಒಬ್ಬನ ಹೆಸರಲ್ಲಿ ಎನ್ನುವ ಆಟಕ್ಕೆ ಫೆಮಾ ಒಪ್ಪುವುದಿಲ್ಲ. ಇನ್ನೊಂದು ಉಪಾಯ ಮಾರ್ಚಿನಲ್ಲಿ ಅರ್ಧ, ಏಪ್ರಿಲಿನಲ್ಲಿ ಅರ್ಧ ಕಳಿಸುವುದು. ನಡುವೆ ಒಂದು ರಾತ್ರಿ ಕಳೆದರೆ ಹೊಸ ಹಣಕಾಸು ವರ್ಷ, ಹೊಸ ಮಿತಿ. ಇದರಲ್ಲಿ ತಪ್ಪೇನಿಲ್ಲ. ಹಾಗೆ ಹೋದ ದುಡ್ಡನ್ನು ಅಲ್ಲಿ ಹೂಡದೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. 180 ದಿನದೊಳಗೆ ವಾಪಸು ತರಬೇಕು. ಹತ್ತು ವರ್ಷದ ಗೋಲ್ಡನ್ ವೀಸಾ ಸಿಗುತ್ತದೆಂದು ಆಸೆಪಟ್ಟವರಿಗೆ 20 ಲಕ್ಷ ದಿರ್ಹಮ್ಮಿನ ಆಸ್ತಿ ಬೇಕು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ವರ್ಷದ ಪೂರಾ ಮಿತಿ ಸುರಿದರೂ 18 ಲಕ್ಷ 36 ಸಾವಿರಕ್ಕೆ ನಿಲ್ಲುತ್ತದೆ.

ಇನ್ನು ವ್ಯಾಪಾರಿಗಳ ಎದೆ ಝಲ್ ಎನ್ನಿಸುವುದು ಟಿ.ಸಿ.ಎಸ್. ಹಣ ಕಳಿಸುವಾಗ ಬ್ಯಾಂಕೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ ಇದು. 2020ರ ಅಕ್ಟೋಬರಿನಲ್ಲಿ ಬಂದಾಗ 7 ಲಕ್ಷದ ಮೇಲಿನ ಮೊತ್ತಕ್ಕೆ ನೂರಕ್ಕೆ 5 ಇತ್ತು. 2023ರ ಅಕ್ಟೋಬರಿನಿಂದ ಆಸ್ತಿ ಮುಂತಾದ ಉದ್ದೇಶಗಳಿಗೆ ನೂರಕ್ಕೆ 20 ಆಯಿತು. 2025ರ ಏಪ್ರಿಲಿನಿಂದ 10 ಲಕ್ಷದ ತನಕ ಮಾಫಿ ಎಂಬಷ್ಟೇ ಸಮಾಧಾನ. ಒಂದು ಕೋಟಿ ಕಳಿಸಿದರೆ 90 ಲಕ್ಷದ ಮೇಲೆ 18 ಲಕ್ಷ. ಮೇಲೆ ಹೇಳಿದ ಎರಡೂಕಾಲು ಕೋಟಿಗೆ 43 ಲಕ್ಷ! ಇದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ಹಾಕಿದಾಗ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಿದ್ದರೆ ವಾಪಸು ಬರುತ್ತದೆ. ಆದರೆ ಅಲ್ಲಿಯ ತನಕ ಅದು ಸರಕಾರದ ಜೇಬಿನಲ್ಲಿ. ದಸರಾ, ದೀಪಾವಳಿಗೆ ಸರಕು ತುಂಬಬೇಕಾದ ಅಂಗಡಿಯವನಿಗೆ ತಿಂಗಳುಗಟ್ಟಲೆ 43 ಲಕ್ಷ ಕೈಗೆ ಸಿಗದಿರುವುದು ಎಂದರೇನು ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ದುಡ್ಡು ಹೊಂದಿಸುವಾಗ ಈ ಐದನೇ ಒಂದು ಪಾಲನ್ನು ಮರೆತು, ಕೊನೆಯ ಗಳಿಗೆಯಲ್ಲಿ ಚೀಟಿ ಎತ್ತಲು ಓಡುವ ಸ್ಥಿತಿ ಯಾರಿಗೂ ಬೇಡ.

ಬ್ಯಾಂಕಿನವರು ಡಾಲರಿಗೆ ಹಾಕುವ ದರವನ್ನೂ ಹೆಚ್ಚಿನವರು ಕೇಳುವುದೇ ಇಲ್ಲ. ಪೇಟೆಯಲ್ಲಿ ಅರ್ಧ ರೂಪಾಯಿಗೆ ಚೌಕಾಸಿ ಮಾಡುವವರು ಇಲ್ಲಿ ಮೌನಿಗಳು! ಎರಡೂವರೆ ಲಕ್ಷ ಡಾಲರಿಗೆ ದರದಲ್ಲಿ ಒಂದೇ ಒಂದು ರೂಪಾಯಿ ಹೆಚ್ಚಾದರೆ ಎರಡೂವರೆ ಲಕ್ಷ ರೂಪಾಯಿ ಹೋಯಿತು. ನಾಲ್ಕು ಬ್ಯಾಂಕಿನಲ್ಲಿ ವಿಚಾರಿಸಿದರೆ ದರ ಇಳಿಯುವುದುಂಟು. ಬಾಯಿ ಬಿಟ್ಟು ಕೇಳಬೇಕು.

ಬಾಡಿಗೆಯೇ ಕಂತು ಕಟ್ಟೀತೇ?

ಕಂತಿನ ಮಾತು ಕೇಳಲು ಸಿಹಿ. ಫ್ಲಾಟು ಕಟ್ಟಿ ಮುಗಿಯದೆ ಬಾಡಿಗೆ ಎಲ್ಲಿಂದ ಬರಬೇಕು? ಅಷ್ಟರ ತನಕ ಪ್ರತಿ ಕಂತೂ ಇಲ್ಲಿಂದಲೇ ಹೋಗಬೇಕು. ಹೋಗುವ ದಿನ ರೂಪಾಯಿ ಎಲ್ಲಿರುತ್ತದೋ ಬಲ್ಲವರಾರು? 2024ರ ಮೊದಲಲ್ಲಿ ಡಾಲರಿಗೆ 83 ರೂಪಾಯಿ ಆಸುಪಾಸು ಇತ್ತು, 2025ರ ಡಿಸೆಂಬರಿನಲ್ಲಿ 90 ದಾಟಿತು. ಒಂದು ಲಕ್ಷ ದಿರ್ಹಮ್ಮಿನ ಕಂತಿಗೆ ಅಂದು 22 ಲಕ್ಷ 60 ಸಾವಿರ ಸಾಕಿತ್ತು, 90ರ ದರದಲ್ಲಿ 24 ಲಕ್ಷ 50 ಸಾವಿರ ಬೇಕು. ಕಂತು ಅದೇ, ಫ್ಲಾಟು ಅದೇ. ಹೆಚ್ಚಾದದ್ದು ಹಂಪನಕಟ್ಟೆಯ ಬೆವರು ಮಾತ್ರ. ಈ ರವಾನೆಗೆಂದು ನಮ್ಮ ಬ್ಯಾಂಕುಗಳು ಸಾಲ ಕೊಡುವಂತಿಲ್ಲ ಎಂಬುದೂ ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ. ಕೀಲಿಕೈ ಸಿಕ್ಕಿದ ಮೇಲೂ ವರ್ಷಗಟ್ಟಲೆ ಕಂತು ಕಟ್ಟುವ ಯೋಜನೆಗಳುಂಟಲ್ಲ, ಅವು ಹೊರದೇಶದಲ್ಲಿ ಸಾಲ ಎತ್ತಿದ ಲೆಕ್ಕಕ್ಕೆ ಸೇರಿ ಫೆಮಾದ ಬಾಯಿಗೆ ಬೀಳುವ ಅಪಾಯ ಉಂಟು. ಸಹಿ ಹಾಕುವ ಮುಂಚೆ ಆಡಿಟರ ಹತ್ತಿರ ಕೇಳಬೇಕಾದ ಪ್ರಶ್ನೆ ಅದು. ಸಹಿ ಹಾಕಿದ ಮೇಲೆ ಕೇಳುವುದು ನಮ್ಮ ಜನರ ವಾಡಿಕೆ.

ನಡುದಾರಿಯಲ್ಲಿ ನಿಯಮವೇ ಬದಲಾದರೆ? ಆಗದ ಮಾತೇನಲ್ಲ. 2013ರ ಆಗಸ್ಟಿನಲ್ಲಿ ರೂಪಾಯಿ ಕುಸಿದಾಗ ರಿಸರ್ವ್ ಬ್ಯಾಂಕು ವರ್ಷದ ಮಿತಿಯನ್ನು 2 ಲಕ್ಷ ಡಾಲರಿನಿಂದ ಒಂದೇ ಏಟಿಗೆ 75,000ಕ್ಕೆ ಇಳಿಸಿತು. ಅಷ್ಟೇ ಅಲ್ಲ, ಈ ದುಡ್ಡಿನಲ್ಲಿ ಹೊರಗೆ ಆಸ್ತಿ ಕೊಳ್ಳುವುದನ್ನೇ ನಿಲ್ಲಿಸಿತು. ಪುನಃ ಸರಾಗವಾದದ್ದು 2014ರಲ್ಲಿ. ನಾಲ್ಕು ವರ್ಷದ ಕಂತಿಗೆ ಒಪ್ಪುವವರು ನಾಲ್ಕು ವರ್ಷ ಡೆಲ್ಲಿ, ಬೊಂಬಾಯಿಗಳು ಸುಮ್ಮನಿರುತ್ತವೆ ಎಂದೂ ಒಪ್ಪಿದಂತೆ. ದುಬೈಯ ಕಟ್ಟಡದವನಿಗೆ ನಮ್ಮ ಸುತ್ತೋಲೆ ಗೊತ್ತಿಲ್ಲ. ಕಂತು ತಪ್ಪಿದರೆ ಕರಾರಿನ ಪ್ರಕಾರ ಕಟ್ಟಿದ್ದರಲ್ಲೇ ಮುರಿದುಕೊಳ್ಳುತ್ತಾನೆ.

ದುಬೈಯ ಪೇಟೆಯೂ ಒಂದೇ ಮುಖದಲ್ಲಿ ಏರುತ್ತಾ ಬಂದದ್ದಲ್ಲ. 2008-09ರಲ್ಲಿ ಅಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು, ಎಷ್ಟೋ ಯೋಜನೆಗಳು ಮರಳಿನಲ್ಲೇ ಉಳಿದವು, 2009ರ ನವೆಂಬರಿನಲ್ಲಿ ಸರಕಾರಿ ಒಡೆತನದ ದುಬೈ ವರ್ಲ್ಡ್ ಕಂಪೆನಿಯೇ ಸಾಲ ತೀರಿಸಲು ವಾಯಿದೆ ಕೇಳಿತು. ಆದರೆ ಒಂದು ಒಳ್ಳೆಯ ಕಾನೂನು ಅದಕ್ಕೂ ಮೊದಲೇ, 2007ರಲ್ಲಿ, ಅಲ್ಲಿ ಬಂದಿದೆ. ಕಟ್ಟುತ್ತಿರುವ ಫ್ಲಾಟಿಗೆ ಕೊಡುವ ದುಡ್ಡು ಆ ಯೋಜನೆಯ ಹೆಸರಿನ ಎಸ್‌ಕ್ರೋ ಖಾತೆಗೇ ಬೀಳಬೇಕು. ಕಟ್ಟಡ ಏಳುವ ಪ್ರಕಾರ ಮಾತ್ರ ಅಲ್ಲಿಂದ ಹೊರಡಬೇಕು. ದಲ್ಲಾಳಿ ತನ್ನ ಸ್ವಂತ ಖಾತೆ ನಂಬರು ಕೊಟ್ಟರೆ ಅಲ್ಲಿಗೆ ಮಾತು ಮುಗಿಸಿ ಎದ್ದು ಬರಬಹುದು.

"ನಮ್ಮ ಜನ ಉಂಟು" ಎಂದರೆ

ಮಿತಿ, ಟಿ.ಸಿ.ಎಸ್., ಫಾರಂ ಎಂದೆಲ್ಲ ಕೇಳಿ ಸುಸ್ತಾದವರ ಕಿವಿಯಲ್ಲಿ ಇನ್ನೊಂದು ದಾರಿ ಪಿಸುಗುಟ್ಟುತ್ತದೆ. ಇಲ್ಲಿ ನೋಟಿನ ಕಟ್ಟು ಕೊಡಿ, ಸಂಜೆಯೊಳಗೆ ಅಲ್ಲಿ ದಿರ್ಹಮ್ಮು. ಹವಾಲಾ! ಕರಾವಳಿಗೆ ಇದು ಹೊಸ ಶಬ್ದವಲ್ಲ, ಕೆಲವರಿಗೆ ಇದರಲ್ಲಿ ಪಾಪಪ್ರಜ್ಞೆಯೂ ಇಲ್ಲ. ಹಿಂದೆ ಈ ದಾರಿಯಲ್ಲಿ ದುಡ್ಡು ಬರುತ್ತಿತ್ತು, ಸಿಕ್ಕಿಬಿದ್ದವನು ಹೆಚ್ಚಾಗಿ ತಂದುಕೊಟ್ಟವನು. ಈಗ ಹೋಗುವ ದುಡ್ಡಿಗೆ ಗುರುತು ಉಳಿಯುತ್ತದೆ. ಫ್ಲಾಟು ಎಂಬುದು ಜೇಬಿನಲ್ಲಿ ಮಡಚಿ ಇಡುವ ವಸ್ತುವಲ್ಲವಲ್ಲ. ಅದು ನೋಂದಣಿಯಾಗುತ್ತದೆ, ಬಾಡಿಗೆ ಬ್ಯಾಂಕಿಗೆ ಬೀಳುತ್ತದೆ, ಆ ಬ್ಯಾಂಕು ಖಾತೆಯ ವಿವರ ದೇಶದೇಶಗಳ ನಡುವಿನ ಒಪ್ಪಂದದಂತೆ ನಮ್ಮ ಆದಾಯ ತೆರಿಗೆ ಇಲಾಖೆಗೆ ತಲುಪುತ್ತದೆ. ಫೆಮಾದಲ್ಲಿ ದಂಡ ಮೊತ್ತದ ಮೂರು ಪಟ್ಟಿನ ತನಕ. ಅದಕ್ಕಿಂತ ಖಾರವಾದದ್ದು 2015ರಲ್ಲಿ ಸೇರಿಸಿದ ಕಲಮು: ಹೊರದೇಶದಲ್ಲಿ ಅಕ್ರಮವಾಗಿ ಮಾಡಿದ ಆಸ್ತಿಯಷ್ಟೇ ಬೆಲೆಯ ಆಸ್ತಿಯನ್ನು ಜಾರಿ ನಿರ್ದೇಶನಾಲಯ ಇಲ್ಲೇ, ಭಾರತದಲ್ಲೇ ಜಪ್ತಿ ಮಾಡಬಹುದು. ದುಬೈಯ ಫ್ಲಾಟಿಗೆ ಹಂಪನಕಟ್ಟೆಯ ಅಂಗಡಿ ಜಾಮೀನು!

ರಿಸರ್ವ್ ಬ್ಯಾಂಕಿನ ಲೆಕ್ಕ ಇಲ್ಲಿ ಸ್ವಾರಸ್ಯವಾಗಿದೆ. 2023-24ರಲ್ಲಿ ಭಾರತದ ವಾಸಿಗಳು ಈ ಯೋಜನೆಯಲ್ಲಿ ಹೊರಗೆ ಕಳಿಸಿದ ಒಟ್ಟು ದುಡ್ಡು ಸುಮಾರು 3,170 ಕೋಟಿ ಡಾಲರ್. ಅದರಲ್ಲಿ ಸ್ಥಿರಾಸ್ತಿಗೆಂದು ಬರೆದು ಕಳಿಸಿದ್ದು ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ದುಬೈಯಲ್ಲಿ ಆಸ್ತಿ ಕೊಳ್ಳುವ ವಿದೇಶಿಯರಲ್ಲಿ ಮುಂದಿನ ಸಾಲಿನಲ್ಲಿರುವವರು ಮಾತ್ರ ನಮ್ಮವರೇ. ಅವರಲ್ಲಿ ಬಹುಪಾಲು ಅಲ್ಲೇ ದುಡಿದು ಅಲ್ಲೇ ಕೊಳ್ಳುವವರು, ಒಪ್ಪೋಣ. ಉಳಿದವರ ದುಡ್ಡು ಯಾವ ಬಾಗಿಲಿನಿಂದ ಹೋಯಿತು ಎಂದು ಕೇಳುವ ಹಕ್ಕು ಇಲಾಖೆಗಿದೆ, ಕೇಳತೊಡಗಿದೆ ಕೂಡ.

ಊರಿಗೆ ವಾಪಸಾದವರು

ಇನ್ನೊಂದು ವರ್ಗ ಉಂಟು. ಮೂವತ್ತು ವರ್ಷ ಗಲ್ಫಿನಲ್ಲಿ ದುಡಿದು, ಅಲ್ಲಿ ಒಂದು ಫ್ಲಾಟು ಮಾಡಿ, ಅದನ್ನು ಬಾಡಿಗೆಗೆ ಕೊಟ್ಟು ಈಗ ಸುರತ್ಕಲ್ಲಿನಲ್ಲೋ ಕುಂದಾಪುರದಲ್ಲೋ ವಿಶ್ರಾಂತಿಯಲ್ಲಿರುವವರು. ಇವರು ತಪ್ಪೇನೂ ಮಾಡಿಲ್ಲ. ಹೊರಗೆ ವಾಸವಿದ್ದಾಗ ಕೊಂಡದ್ದನ್ನು ವಾಪಸು ಬಂದ ಮೇಲೂ ಇಟ್ಟುಕೊಳ್ಳಬಹುದು ಎಂದು ಫೆಮಾ ಸ್ಪಷ್ಟವಾಗಿ ಹೇಳಿದೆ. ಆದರೆ ಬಂದು ನೆಲೆ ನಿಂತು, ತೆರಿಗೆಯ ಲೆಕ್ಕದಲ್ಲಿ ಪೂರಾ ಇಲ್ಲಿನ ವಾಸಿ ಎನ್ನಿಸಿಕೊಂಡ ವರ್ಷದಿಂದ ಆ ಫ್ಲಾಟನ್ನು ರಿಟರ್ನಿನಲ್ಲಿ ತೋರಿಸಲೇಬೇಕು. ಅಲ್ಲಿನ ಬಾಡಿಗೆಗೆ ಇಲ್ಲಿ ತೆರಿಗೆ ಕೊಡಬೇಕು. ಅಲ್ಲಿ ಟ್ಯಾಕ್ಸ್ ಇಲ್ಲ ಎಂಬ ದಲ್ಲಾಳಿಯ ಮಾತು ಅಲ್ಲಿರುವವರಿಗೆ ಮಾತ್ರ ಸರಿ. ತೋರಿಸದಿದ್ದರೆ 2015ರ ಕಪ್ಪುಹಣದ ಕಾನೂನಿನಲ್ಲಿ 10 ಲಕ್ಷ ರೂಪಾಯಿ ದಂಡ. 2024ರ ಅಕ್ಟೋಬರಿನಿಂದ 20 ಲಕ್ಷದೊಳಗಿನ ಬ್ಯಾಂಕು ಖಾತೆ, ಷೇರು ಮುಂತಾದವುಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಮನೆ, ಫ್ಲಾಟುಗಳಿಗೆ ಕೊಟ್ಟಿಲ್ಲ. ನ್ಯಾಯವಾಗಿ ದುಡಿದು, ನ್ಯಾಯವಾಗಿ ಕೊಂಡು, ಒಂದು ಕಾಲಂ ತುಂಬದ್ದಕ್ಕೆ ಹತ್ತು ಲಕ್ಷ ತೆರುವ ಸಂಕಟ ಇವರದು. ಸರಕಾರ ಈ ವಿಷಯವನ್ನು ವಿಮಾನ ನಿಲ್ದಾಣದ ಬಾಗಿಲಲ್ಲೇ ಬೋರ್ಡು ಬರೆದು ಹಾಕಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಅಪ್ಪನ ಜಾಗ, ಮಗನ ಹೆಸರು

ಎಲ್ಲಕ್ಕಿಂತ ಹೆಚ್ಚಾಗಿ ಕರಾವಳಿಯ ಮನೆಗಳಲ್ಲಿ ನಡೆಯುವುದು ಮಾತ್ರ ಇದು: ಮಗ ದುಬೈಯಲ್ಲಿ. "ಅಪ್ಪಾ, ಇಲ್ಲಿ ಬಾಡಿಗೆ ಕೊಟ್ಟು ಸಾಕಾಯ್ತು. ಆ ಜಾಗ ಖಾಲಿ ಬಿದ್ದು ಎಂತ ಮಾಡ್ಲಿಕ್ಕುಂಟು? ಮಾರಿ ದುಡ್ಡು ಕಳಿಸಿದ್ರೆ ಇಲ್ಲಿ ಒಂದು ಫ್ಲಾಟ್ ಆಗ್ತದೆ." ಅಪ್ಪ ಜಾಗ ಮಾರುತ್ತಾರೆ. ಬ್ಯಾಂಕಿನಲ್ಲಿ ಮಗನಿಗೆ ಉಡುಗೊರೆ ಎಂದು ಬರೆಸಿ ಕಳಿಸುತ್ತಾರೆ. ಮಿತಿಯೊಳಗೆ ಇದ್ದರೆ ಇದೂ ಕಾನೂನುಬದ್ಧವೇ, ಟಿ.ಸಿ.ಎಸ್. ಮಾತ್ರ ನೂರಕ್ಕೆ 20 ಬಿಟ್ಟದ್ದಲ್ಲ. ಮಗನಿಗೆ ತೆರಿಗೆಯ ಕಾಟವೂ ಇಲ್ಲ. ಆದರೆ ಅಲ್ಲಿಗೆ ಅಪ್ಪನ ಜಾಗ ಮುಗಿಯಿತು. ದುಬೈ ಭೂ ಇಲಾಖೆಯ ಪತ್ರದಲ್ಲಿ ಇರುವುದು ಮಗನ ಒಂದೇ ಹೆಸರು.

ಊರ ಜಾಗದಲ್ಲಿ ಮಗಳಿಗೂ ಪಾಲಿತ್ತೇ? ಅದು ಜಾಗ ಮಾರುವಾಗಲೇ ತೀರ್ಮಾನವಾಗಬೇಕಿದ್ದ ಮಾತು. ಇನ್ನು, ಬಾಯಿ ಬಿಡಬಾರದ ಮಾತು ಒಂದುಂಟು. ಆ ಮಗನಿಗೇ ಏನಾದರೂ ಆದರೆ? 2023ರ ಫೆಬ್ರವರಿಯಿಂದ ಅಲ್ಲಿ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮುಸ್ಲಿಮೇತರರು ವಿಲ್ಲು ಬರೆಯದೆ ತೀರಿಕೊಂಡರೆ, ವಾರಸುದಾರರು ತಮ್ಮ ದೇಶದ ಕಾನೂನೇ ಆಗಲಿ ಎಂದು ಕೇಳದಿದ್ದರೆ, ಅರ್ಧ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ ಸಮಪಾಲು. ಮಕ್ಕಳಿದ್ದಲ್ಲಿ ತಂದೆತಾಯಿಗೆ ಅದರಲ್ಲಿ ಪಾಲು ಬರುವುದಿಲ್ಲ. ಮುಸ್ಲಿಮರಿಗೆ ಶರೀಯತ್ತಿನ ಹಂಚಿಕೆ, ಅದರಲ್ಲಿ ತಂದೆತಾಯಿಗೆ ಗೊತ್ತಾದ ಪಾಲುಂಟು. ಮುಸ್ಲಿಮೇತರರಿಗೆ ಅಲ್ಲೇ ವಿಲ್ಲು ನೋಂದಾಯಿಸುವ ವ್ಯವಸ್ಥೆ 2015ರಿಂದಲೇ ಇದೆ. ಹೊಸ ಫ್ಲಾಟಿಗೆ ಹಾಲುಕ್ಕಿಸುವ ಸಂಭ್ರಮದಲ್ಲಿ ವಿಲ್ಲಿನ ಮಾತೆತ್ತಿದರೆ ಅಪಶಕುನ ಎನ್ನುವವರೇ ಹೆಚ್ಚು.

ಅಪ್ಪನ ಹೆಸರನ್ನೂ ಸೇರಿಸಲು ಅಡ್ಡಿಯುಂಟೇ ಎಂದರೆ, ಇಲ್ಲ. 2022ರ ಆಗಸ್ಟಿನಲ್ಲಿ ಬಂದ ಹೊಸ ನಿಯಮಗಳಲ್ಲಿ ಹೊರದೇಶದಲ್ಲಿರುವ ಸಂಬಂಧಿಯ ಜತೆ ಜಂಟಿಯಾಗಿ ಆಸ್ತಿ ಕೊಳ್ಳಲು ಇಲ್ಲಿನ ವಾಸಿಗೆ ಅವಕಾಶ ಕೊಟ್ಟಿದ್ದಾರೆ. ಆಗ ಕಳಿಸುವ ದುಡ್ಡು ಉಡುಗೊರೆಯಲ್ಲ, ಸ್ಥಿರಾಸ್ತಿ ಖರೀದಿಯ ದುಡ್ಡು. ಪ್ರತಿ ವರ್ಷ ರಿಟರ್ನಿನಲ್ಲಿ ತೋರಿಸುವ ಕೆಲಸ ಒಂದು ಹೆಚ್ಚು, ಪತ್ರದಲ್ಲಿ ಅಪ್ಪನ ಹೆಸರೂ ಒಂದು ಹೆಚ್ಚು. ಎರಡರ ನಡುವಿನ ವ್ಯತ್ಯಾಸ ಎ2 ಫಾರಂನಲ್ಲಿ ಒಂದೇ ಒಂದು ಗೆರೆ.

ಬ್ಯಾಂಕಿನ ಕೌಂಟರಿನಲ್ಲಿ ಕೂತ ಹುಡುಗ ಪೆನ್ನು ಹಿಡಿದು ಕೇಳುವುದು ಅದನ್ನೇ: "ಪರ್ಪಸ್ ಎಂತ ಬರೀಲಿ ಸರ್?" ಅಪ್ಪ ಒಂದು ನಿಮಿಷ ಸುಮ್ಮನಿದ್ದು ಮಗನಿಗೆ ಫೋನು ಹಚ್ಚುತ್ತಾರೆ.